ಎಂಜಿನ್ ಒಂದೇ, ಸಾರಥಿಗಳು ಹಲವರು: ಜೀವಕೋಶವು ಬೇಡದ ಪ್ರೋಟೀನನ್ನು ಒಡೆಯುವ ಬಗೆ

ಪ್ರೋಟೀನು ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಜೀವಶಾಸ್ತ್ರದ ಪಠ್ಯಪುಸ್ತಕಗಳು ಇಡೀ ಅಧ್ಯಾಯಗಳನ್ನೇ ಮೀಸಲಿಡುತ್ತವೆ. ಡಿಎನ್‌ಎಯಲ್ಲಿರುವ ಬರಹ ಆರ್‌ಎನ್‌ಎಗೆ ನಕಲಾಗಿ, ರೈಬೋಸೋಮಿನಲ್ಲಿ ಅಮೈನೋ ಆಮ್ಲಗಳ ಸರಪಳಿಯಾಗಿ ಹೊರಬರುವ ಕಥೆ ವಿಜ್ಞಾನ ಓದಿದ ಹೆಚ್ಚಿನವರಿಗೆ ಬಾಯಿಪಾಠವಾಗಿರುತ್ತದೆ. ಹಾಗೆ ಹುಟ್ಟಿದ ಪ್ರೋಟೀನು ಕೊನೆಗೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ತಡವರಿಸುವವರೇ ಹೆಚ್ಚು. ಈ ಉಪನ್ಯಾಸದ ವಿಷಯ ಆ ಎರಡನೆಯ ಅರ್ಧ. ಅದರಲ್ಲಿಯೂ ನಾನು ಹೆಚ್ಚು ಹೊತ್ತು ನಿಲ್ಲಲು ಬಯಸುವುದು ಒಡೆಯುವ ಯಂತ್ರದ ಬಳಿಯಲ್ಲಿ ಅಲ್ಲ, ಆ ಯಂತ್ರಕ್ಕೆ ಅಂಟಿಕೊಂಡು ಕೆಲಸ ಮಾಡುವ ಸಹಕಾರಿ ಪ್ರೋಟೀನುಗಳ ಬಳಿಯಲ್ಲಿ. ಪ್ರಯೋಗಾಲಯಗಳಲ್ಲಿ ಅವುಗಳನ್ನು ಕೋಫ್ಯಾಕ್ಟರ್ ಎನ್ನುತ್ತಾರೆ. ಕಾಲೇಜಿನಲ್ಲಿ ಈ ಪದವನ್ನು ಕೇಳಿದವರು ಸತುವಿನ ಅಯಾನನ್ನೋ ವಿಟಮಿನ್ನಿನಿಂದ ಬಂದ ಪುಟ್ಟ ಅಣುವನ್ನೋ ನೆನಪಿಸಿಕೊಳ್ಳಬಹುದು. ಇಲ್ಲಿ ಕೋಫ್ಯಾಕ್ಟರ್ ಎಂದರೆ ಅಂಥ ಪುಟ್ಟ ಅಣುವಲ್ಲ, ಇಡಿಯಾದ ಇನ್ನೊಂದು ಪ್ರೋಟೀನು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಬೇಡದ ಪ್ರೋಟೀನು ಎಂದೊಡನೆ ಕೆಟ್ಟುಹೋದ, ಮುರಿದ, ತಪ್ಪಾಗಿ ಮಡಿಚಿಕೊಂಡ ಪ್ರೋಟೀನು ಎಂದು ನಾವು ಅಂದುಕೊಳ್ಳುತ್ತೇವೆ. ಅಂಥವೂ ಇವೆ, ನಿಜ. ಆದರೆ ಜೀವಕೋಶವು ಒಡೆಯುವ ಪ್ರೋಟೀನುಗಳಲ್ಲಿ ಯಾವ ಕುಂದೂ ಇಲ್ಲದ, ಆ ಗಳಿಗೆಗೆ ಮಾತ್ರ ಬೇಡವಾದ ಪ್ರೋಟೀನುಗಳೂ ಧಾರಾಳವಾಗಿವೆ. ಕೋಶ ವಿಭಜನೆಯನ್ನು ಮುಂದಕ್ಕೆ ತಳ್ಳುವ ಸೈಕ್ಲಿನ್ ಎಂಬ ಪ್ರೋಟೀನು ತನ್ನ ಕೆಲಸ ಮುಗಿದ ಕೂಡಲೇ ನಾಶವಾಗದಿದ್ದರೆ ವಿಭಜನೆ ಮುಗಿಯುವುದೇ ಇಲ್ಲ. ಕೊಲೆಸ್ಟರಾಲ್ ತಯಾರಿಸುವ ಹಾದಿಯಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವವಿದೆ. ಕೋಶದಲ್ಲಿ ಸ್ಟೆರಾಲುಗಳು ಸಾಕಷ್ಟು ಶೇಖರವಾದಾಗ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಈ ಕಿಣ್ವವನ್ನು ಕೋಶವು ಹಿಡಿದು ಒಡೆದುಹಾಕುತ್ತದೆ. ಹಾಗಾಗಿ ಪ್ರೋಟೀನುಗಳ ಆಯುಷ್ಯದಲ್ಲಿ ಅಪಾರ ವ್ಯತ್ಯಾಸ ಕಾಣುತ್ತದೆ. ಪಿ53 ಎಂಬ ಹೆಸರಾಂತ ಪ್ರೋಟೀನಿನ ಅರ್ಧಾಯುಷ್ಯ ನೆಮ್ಮದಿಯಾಗಿರುವ ಕೋಶದಲ್ಲಿ ಕೆಲವೇ ನಿಮಿಷಗಳಷ್ಟು. ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ ಆ ಕಣದೊಂದಿಗೆ ಸುಮಾರು 120 ದಿನ ಬಾಳುತ್ತದೆ. ಕಣ್ಣಿನ ಮಸೂರದಲ್ಲಿರುವ ಕ್ರಿಸ್ಟಲಿನ್ ನಮ್ಮ ಜೀವಮಾನವಿಡೀ ಇರುತ್ತದೆ. ಜನಪ್ರಿಯ ಲೇಖನಗಳಲ್ಲಿ ಈ ವ್ಯವಸ್ಥೆಯನ್ನು ಜೀವಕೋಶದ ಕಸದ ಬುಟ್ಟಿ ಎಂದು ಕರೆಯುವುದುಂಟು. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಯಾವುದನ್ನು, ಯಾವಾಗ, ಎಲ್ಲಿಂದ ಎತ್ತಬೇಕೆಂದು ಇಷ್ಟು ಕಟ್ಟುನಿಟ್ಟಾಗಿ ತೀರ್ಮಾನಿಸುವ ಕಸದ ಬುಟ್ಟಿಯನ್ನು ಯಾರೂ ಕಂಡಿರಲಾರರು.

ಪ್ರೋಟೀನುಗಳು ದೇಹದಲ್ಲಿ ನಿರಂತರವಾಗಿ ಒಡೆದು ಮತ್ತೆ ಕಟ್ಟಲ್ಪಡುತ್ತವೆ ಎಂಬ ಅರಿವೇ ತಡವಾಗಿ ಬಂದದ್ದು. 1930ರ ದಶಕದ ಕೊನೆಯಲ್ಲಿ ರುಡಾಲ್ಫ್ ಶೋಯನ್‌ಹೈಮರ್ ಅವರು ಭಾರವಾದ ನೈಟ್ರೋಜನ್ನಿನಿಂದ ಗುರುತು ಮಾಡಿದ ಅಮೈನೋ ಆಮ್ಲಗಳನ್ನು ಇಲಿಗಳಿಗೆ ತಿನ್ನಿಸಿ, ಆ ಗುರುತು ಅಂಗಾಂಶದ ಪ್ರೋಟೀನುಗಳಲ್ಲಿ ಸೇರಿಕೊಳ್ಳುವುದನ್ನು ತೋರಿಸಿದರು. ಅಲ್ಲಿಯವರೆಗೆ ದೇಹದ ಪ್ರೋಟೀನು ಗೋಡೆಯ ಇಟ್ಟಿಗೆಯಂತೆ ಇಟ್ಟಲ್ಲೇ ಇರುತ್ತದೆ, ಸವೆದಷ್ಟನ್ನು ಮಾತ್ರ ತುಂಬಿಕೊಳ್ಳುತ್ತದೆ ಎಂಬ ನಂಬಿಕೆಯಿತ್ತು. 1953ರಲ್ಲಿ ಮೆಲ್ವಿನ್ ಸಿಂಪ್ಸನ್ ಅವರು ಇಲಿಯ ಯಕೃತ್ತಿನ ತೆಳುಹೋಳುಗಳಲ್ಲಿ ಮಾಡಿದ ಪ್ರಯೋಗ ಇನ್ನೊಂದು ವಿಚಿತ್ರವನ್ನು ಹೊರಗೆಡವಿತು: ಪ್ರೋಟೀನು ಒಡೆಯಬೇಕಾದರೆ ಕೋಶವು ಶಕ್ತಿಯನ್ನು ಖರ್ಚು ಮಾಡಬೇಕು. ಇದು ಏಕೆ ವಿಚಿತ್ರವೆಂದರೆ, ಅಮೈನೋ ಆಮ್ಲಗಳ ನಡುವಿನ ಬಂಧವನ್ನು ಕಡಿಯುವುದು ರಸಾಯನಶಾಸ್ತ್ರದ ಲೆಕ್ಕದಲ್ಲಿ ಇಳಿಜಾರಿನ ದಾರಿ. ಅದಕ್ಕೆ ಹೊರಗಿನಿಂದ ಶಕ್ತಿ ಬೇಕಾಗಬಾರದು. ನಮ್ಮ ಕರುಳಿನಲ್ಲಿ ಜೀರ್ಣರಸದ ಕಿಣ್ವಗಳು ಎಟಿಪಿ ಎಂಬ ಶಕ್ತಿವಾಹಕ ಅಣುವಿನ ಹಂಗಿಲ್ಲದೆಯೇ ಆ ಕೆಲಸವನ್ನು ಮಾಡುತ್ತವೆ. ಕೋಶದ ಒಳಗೆ ಮಾತ್ರ ಎಟಿಪಿ ಏಕೆ ಖರ್ಚಾಗಬೇಕು? ಮುಂದಿನ ಕಾಲು ಶತಮಾನ ಈ ಪ್ರಶ್ನೆ ಹಾಗೆಯೇ ಉಳಿಯಿತು. 1955ರಲ್ಲಿ ಕ್ರಿಶ್ಚಿಯನ್ ಡಿ ಡೂವ್ ಲೈಸೋಸೋಮನ್ನು ಕಂಡುಹಿಡಿದ ಮೇಲೆ, ಕೋಶದೊಳಗಿನ ಪ್ರೋಟೀನು ನಾಶವೆಲ್ಲ ಆ ಆಮ್ಲೀಯ ಚೀಲದಲ್ಲಿಯೇ ನಡೆಯುತ್ತದೆ ಎಂದು ಹಲವರು ಸಮಾಧಾನಪಟ್ಟುಕೊಂಡರು. ಆದರೆ ಒಂದು ಪ್ರೋಟೀನು ಹತ್ತು ನಿಮಿಷ, ಇನ್ನೊಂದು ಹತ್ತು ದಿನ ಬಾಳುವುದು ಹೇಗೆ ಎಂಬುದಕ್ಕೆ ಚೀಲದ ಬಳಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಮೊಲದ ಎಳೆಯ ಕೆಂಪು ರಕ್ತಕಣಗಳಲ್ಲಿ. ರೆಟಿಕ್ಯುಲೋಸೈಟ್ ಎಂಬ ಈ ಕಣಗಳಲ್ಲಿ ಲೈಸೋಸೋಮ್ ಇರುವುದಿಲ್ಲ, ಆದರೂ ಅವು ಎಟಿಪಿ ಖರ್ಚು ಮಾಡಿ ಕೆಟ್ಟ ಪ್ರೋಟೀನನ್ನು ಒಡೆಯುತ್ತವೆ. ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯಲ್ಲಿ ಅವ್ರಾಮ್ ಹೆರ್ಷ್ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಸಿಯೆಖನೋವರ್ ಈ ಕಣಗಳ ರಸವನ್ನು ರಾಳದ ಕಂಬದ ಮೂಲಕ ಹಾಯಿಸಿ ಎರಡು ಪಾಲು ಮಾಡಿದರು. ಕಂಬಕ್ಕೆ ಅಂಟದೆ ನೇರವಾಗಿ ಹರಿದುಹೋಗುವ ಮೊದಲ ಪಾಲಿನಲ್ಲಿ ಹೆಚ್ಚಾಗಿ ಹಿಮೋಗ್ಲೋಬಿನ್ನೇ ಇರುತ್ತದೆ. ಕಿಣ್ವಗಳನ್ನು ಶುದ್ಧಮಾಡುವವರು ಸಾಮಾನ್ಯವಾಗಿ ಇಂಥ ಪಾಲನ್ನು ಚೆಲ್ಲಿಬಿಡುತ್ತಾರೆ. ಇವರು ಚೆಲ್ಲಲಿಲ್ಲ. ಎರಡನೆಯ ಪಾಲು ಒಂಟಿಯಾಗಿ ಏನನ್ನೂ ಒಡೆಯಲಿಲ್ಲ; ಮೊದಲ ಪಾಲನ್ನು ಮತ್ತೆ ಬೆರೆಸಿದಾಗ ಚಟುವಟಿಕೆ ಮರಳಿ ಬಂತು. ಅಂದರೆ ಆ ಕೆಂಪು ನೀರಿನಲ್ಲಿ ಅಗತ್ಯವಾದ ಏನೋ ಒಂದು ಇತ್ತು. ಹಿಮೋಗ್ಲೋಬಿನ್ನಿನ ರಾಶಿಯೊಳಗಿಂದ ಅದನ್ನು ಬೇರ್ಪಡಿಸಲು ಅವರು ಪಾಲನ್ನು ಕಾಯಿಸಿದರು. ಹಿಮೋಗ್ಲೋಬಿನ್ ಹೆಪ್ಪುಗಟ್ಟಿ ತಳಕ್ಕೆ ಇಳಿಯಿತು, ಮೇಲೆ ಉಳಿದ ತಿಳಿಯಲ್ಲಿ ಚಟುವಟಿಕೆ ಹಾಗೆಯೇ ಇತ್ತು. ಕಾಯಿಸಿದರೂ ಕೆಡದ ಪುಟ್ಟ ಪ್ರೋಟೀನೊಂದು ಅದರಲ್ಲಿತ್ತು. 1978ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಯಾವ ದೊಡ್ಡ ಉಪಕರಣವೂ ಇಲ್ಲ: ಒಂದು ಗಾಜಿನ ಕಂಬ, ಒಂದು ಬಿಸಿನೀರಿನ ತೊಟ್ಟಿ, ಮತ್ತು ಚೆಲ್ಲುವ ಮುನ್ನ ಒಂದು ಗಳಿಗೆ ನಿಂತು ಯೋಚಿಸಿದ ಇಬ್ಬರು. ಆ ಪುಟ್ಟ ಪ್ರೋಟೀನು ಬೇರೆ ಪ್ರೋಟೀನುಗಳಿಗೆ ರಾಸಾಯನಿಕ ಬಂಧದಿಂದಲೇ ಅಂಟಿಕೊಳ್ಳುತ್ತದೆ ಎಂಬುದನ್ನು ಅವರು ಅಮೆರಿಕದ ಇರ್ವಿನ್ ರೋಸ್ ಅವರೊಡನೆ ಸೇರಿ 1980ರಲ್ಲಿ ತೋರಿಸಿದರು. ಅದು 1975ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೀನ್ ಬೇರೆಯೇ ಸಂದರ್ಭದಲ್ಲಿ ವರ್ಣಿಸಿದ್ದ ಯೂಬಿಕ್ವಿಟಿನ್ ಎಂಬುದೂ ಅದೇ ವರ್ಷ ಗೊತ್ತಾಯಿತು. ಮೂವರಿಗೂ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಯೂಬಿಕ್ವಿಟಿನ್ನಿನಲ್ಲಿ ಇರುವುದು 76 ಅಮೈನೋ ಆಮ್ಲಗಳು ಮಾತ್ರ. ಅದನ್ನು ಗುರಿ ಪ್ರೋಟೀನಿಗೆ ಅಂಟಿಸಲು ಮೂರು ಬಗೆಯ ಕಿಣ್ವಗಳು ಸಾಲಾಗಿ ದುಡಿಯುತ್ತವೆ. ಎಟಿಪಿ ಖರ್ಚುಮಾಡಿ ಯೂಬಿಕ್ವಿಟಿನ್ನನ್ನು ಸಜ್ಜುಗೊಳಿಸುವ ಇ1 ಮನುಷ್ಯರಲ್ಲಿ ಎರಡೇ ಇವೆ, ಅದನ್ನು ಹೊತ್ತು ತರುವ ಇ2 ಸುಮಾರು 40 ಇವೆ, ಗುರಿಯನ್ನು ಗುರುತಿಸಿ ಅಂಟಿಸುವ ಇ3 600ಕ್ಕೂ ಹೆಚ್ಚು. ಒಂದು ಯೂಬಿಕ್ವಿಟಿನ್ ಅಂಟಿದ ಮೇಲೆ ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು ಸೇರಿ ಸರಪಳಿಯಾಗುತ್ತದೆ. 48ನೆಯ ಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲದ ಮೂಲಕ ಬೆಳೆದ ಸರಪಳಿ ಸಾಮಾನ್ಯವಾಗಿ ಒಡೆಯುವ ಆಜ್ಞೆ ಎಂದು ಓದಿಕೊಳ್ಳಲ್ಪಡುತ್ತದೆ. ಆಜ್ಞೆಯನ್ನು ಜಾರಿ ಮಾಡುವುದು ಪ್ರೋಟಿಯಾಸೋಮ್. ಇದು ನಾಲ್ಕು ಉಂಗುರಗಳನ್ನು ಒಂದರ ಮೇಲೊಂದು ಇಟ್ಟಂತಿರುವ ಪೀಪಾಯಿ. ಕತ್ತರಿಗಳೆಲ್ಲ ಅದರ ಹೊಟ್ಟೆಯೊಳಗೆ ಇವೆ, ಬಾಯಿ ಕಿರಿದಾಗಿದೆ. ಹೊರಗಿನ ಪ್ರೋಟೀನುಗಳು ತಪ್ಪಿಯೂ ಕತ್ತರಿಗೆ ಸಿಗದಂತೆ ಕಾಪಾಡುವ ಉಪಾಯ ಇದು. ಆದರೆ ಇದೇ ಉಪಾಯ ಒಂದು ತೊಡಕನ್ನೂ ತರುತ್ತದೆ. ಅಚ್ಚುಕಟ್ಟಾಗಿ ಮಡಿಚಿಕೊಂಡ ಪ್ರೋಟೀನು ದಾರದ ಬಿಗಿಯಾದ ಉಂಡೆಯಂತಿರುತ್ತದೆ, ಪೀಪಾಯಿಯ ಬಾಯಿ ಸೂಜಿಯ ಕಣ್ಣಿನಂತಿರುತ್ತದೆ. ಉಂಡೆಯನ್ನು ಬಿಚ್ಚಿ ಎಳೆಯಾಗಿಸಿದರೆ ಮಾತ್ರ ಒಳಗೆ ಹೋಗಬಲ್ಲದು. ಪ್ರೋಟಿಯಾಸೋಮಿನ ಟೋಪಿಯಲ್ಲಿ ಎಳೆಯುವ ಮೋಟಾರು ಇದೆ, ಆದರೆ ಅದಕ್ಕೆ ಹಿಡಿದುಕೊಳ್ಳಲು ಒಂದು ಸಡಿಲವಾದ ತುದಿ ಬೇಕು. ಎಷ್ಟೋ ಪ್ರೋಟೀನುಗಳಲ್ಲಿ ಅಂಥ ತುದಿಯೇ ಇರುವುದಿಲ್ಲ. ಇನ್ನು ಕೆಲವು ಪೊರೆಯಲ್ಲಿ ಹುದುಗಿರುತ್ತವೆ, ಕೆಲವು ದೊಡ್ಡ ಕೂಟದೊಳಗೆ ಸಿಕ್ಕಿಕೊಂಡಿರುತ್ತವೆ, ಕೆಲವು ಡಿಎನ್‌ಎಯನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತವೆ. ಅವುಗಳ ಮೇಲೆ ಯೂಬಿಕ್ವಿಟಿನ್ ಸರಪಳಿ ಎಷ್ಟೇ ಉದ್ದವಾಗಿದ್ದರೂ ಪ್ರೋಟಿಯಾಸೋಮ್ ಕೈಚೆಲ್ಲಿ ಕೂರುತ್ತದೆ.

ಈ ಇಕ್ಕಟ್ಟಿನಲ್ಲಿ ನೆರವಿಗೆ ಬರುವ ಯಂತ್ರಕ್ಕೆ ಸಸ್ತನಿಗಳಲ್ಲಿ ಪಿ97 ಅಥವಾ ವಿಸಿಪಿ, ಯೀಸ್ಟಿನಲ್ಲಿ ಸಿಡಿಸಿ48 ಎಂದು ಹೆಸರು. ಹೆಸರುಗಳ ಹಿಂದೆ ಒಂದು ತಮಾಷೆಯಿದೆ. ಯೀಸ್ಟಿನಲ್ಲಿ ಕೋಶ ವಿಭಜನೆ ನಿಂತುಹೋದ ತಳಿಗಳನ್ನು ಹುಡುಕುತ್ತಿದ್ದವರಿಗೆ 1980ರ ದಶಕದ ಮೊದಲಲ್ಲಿ ಇದು ಸಿಕ್ಕಿತು, ಆದ್ದರಿಂದ ಕೋಶ ವಿಭಜನೆಯ ಪಟ್ಟಿಯಲ್ಲಿ 48ನೆಯ ಸಂಖ್ಯೆ ಪಡೆಯಿತು. ವಿಸಿಪಿ ಎಂಬುದು ವ್ಯಾಲೋಸಿನ್ ಅನ್ನು ಒಳಗೊಂಡ ಪ್ರೋಟೀನು ಎಂಬುದರ ಚುಟುಕು ರೂಪ. ವ್ಯಾಲೋಸಿನ್ ಎಂಬುದು ಹಂದಿಯ ಕರುಳಿನಿಂದ ಬೇರ್ಪಡಿಸಿದ 25 ಅಮೈನೋ ಆಮ್ಲಗಳ ತುಣುಕು. ಅದು ಹಾರ್ಮೋನಿನಂಥ ವಸ್ತುವಿರಬೇಕೆಂದು ಭಾವಿಸಲಾಗಿತ್ತು. ಶುದ್ಧೀಕರಣದ ವೇಳೆ ದೊಡ್ಡ ಪ್ರೋಟೀನು ತುಂಡಾಗಿ ಆ ಚೂರು ಬಂದಿತ್ತೆಂದು ಆಮೇಲೆ ತಿಳಿಯಿತು. ಚೂರಿಗೆ ಸ್ವಂತ ಬದುಕೇ ಇರಲಿಲ್ಲ, ಹೆಸರು ಮಾತ್ರ ಉಳಿದುಕೊಂಡಿತು. ಪ್ರೋಟೀನುಗಳ ಹೆಸರು ಅವುಗಳ ಕೆಲಸವನ್ನು ಹೇಳುತ್ತದೆ ಎಂದು ನಂಬುವವರಿಗೆ ಇದು ಒಳ್ಳೆಯ ಎಚ್ಚರಿಕೆ. ಆ ಹೆಸರುಗಳು ಬಹಳ ಸಲ ಹೇಳುವುದು, ಕಂಡವರು ಆಗ ಏನನ್ನು ಹುಡುಕುತ್ತಿದ್ದರು ಎಂಬುದನ್ನು.

ಪಿ97ರ ಒಂದು ಘಟಕದಲ್ಲಿ 806 ಅಮೈನೋ ಆಮ್ಲಗಳಿವೆ. ಅಂಥ ಆರು ಘಟಕಗಳು ಸುತ್ತುಗಟ್ಟಿ, ಒಂದರ ಮೇಲೊಂದು ಕೂತ ಎರಡು ಉಂಗುರಗಳಾಗುತ್ತವೆ. ನಡುವೆ ಒಂದು ಸಣ್ಣ ಸುರಂಗ. ಎಟಿಪಿಯನ್ನು ಒಡೆದು ಬಂದ ಬಲದಿಂದ, ಸುರಂಗದೊಳಗೆ ಚಾಚಿಕೊಂಡಿರುವ ಕುಣಿಕೆಗಳು ಮೆಟ್ಟಿಲುಗಳಂತೆ ಸಾಲಾಗಿ ನಿಂತು ಪ್ರೋಟೀನಿನ ಎಳೆಯನ್ನು ಕೆಳಗೆ ಸಾಗಿಸುತ್ತವೆ. ಹೀಗೆ ಎಳೆದಾಗ ಉಂಡೆ ಬಿಚ್ಚಿಕೊಳ್ಳುತ್ತದೆ. ಪಿ97 ತಾನೇ ಯಾವ ಬಂಧವನ್ನೂ ಕಡಿಯುವುದಿಲ್ಲ. ಬಿಚ್ಚುವುದು, ಕೀಳುವುದು, ಬೇರ್ಪಡಿಸುವುದು ಮಾತ್ರ ಅದರ ಕಸುಬು. ಕೋಶದಲ್ಲಿ ಬಹಳ ಹೇರಳವಾಗಿರುವ ಪ್ರೋಟೀನುಗಳಲ್ಲಿ ಇದೂ ಒಂದು. ಇಷ್ಟು ಬಲವಾದ, ಇಷ್ಟು ಹೇರಳವಾದ ಯಂತ್ರವೊಂದು ಎದುರಿಗೆ ಬಂದದ್ದನ್ನೆಲ್ಲ ಬಿಚ್ಚುತ್ತ ಹೋದರೆ ಕೋಶ ಉಳಿಯುವುದಿಲ್ಲ. ಸಹಕಾರಿ ಪ್ರೋಟೀನುಗಳ ಅಗತ್ಯ ಬರುವುದು ಇಲ್ಲಿಯೇ. ಎಂಜಿನ್ನಿಗೆ ಬಲವಿದೆ, ಆದರೆ ಕಣ್ಣಿಲ್ಲ. ಯಾವ ಪ್ರೋಟೀನನ್ನು ಹಿಡಿಯಬೇಕು, ಕೋಶದ ಯಾವ ಮೂಲೆಗೆ ಹೋಗಬೇಕು, ಹಿಡಿದದ್ದನ್ನು ಮುಂದೆ ಯಾರ ಕೈಗೆ ಒಪ್ಪಿಸಬೇಕು ಎಂಬ ತೀರ್ಮಾನಗಳೆಲ್ಲ ಸಹಕಾರಿಗಳವು.

ಸಸ್ತನಿಗಳಲ್ಲಿ ಇಂಥ ಸಹಕಾರಿಗಳು ಮೂವತ್ತಕ್ಕೂ ಹೆಚ್ಚು ಇವೆ. ಅವು ಪಿ97ಕ್ಕೆ ಅಂಟಿಕೊಳ್ಳುವ ಜಾಗಗಳು ಮಾತ್ರ ಎರಡೇ: ಹೆಚ್ಚಿನವು ಮೇಲಿನ ಉಂಗುರದ ಅಂಚಿನಲ್ಲಿರುವ ಎನ್ ಭಾಗಕ್ಕೆ, ಕೆಲವು ಕೆಳಗೆ ನೇತಾಡುವ ಬಾಲಕ್ಕೆ. ಸಹಕಾರಿಗಳ ಒಂದು ದೊಡ್ಡ ಕುಟುಂಬದಲ್ಲಿ ಯುಬಿಎಕ್ಸ್ ಎಂಬ ಸುಮಾರು 80 ಅಮೈನೋ ಆಮ್ಲಗಳ ತುಣುಕು ಇರುತ್ತದೆ. ಅದರ ಮಡಿಕೆಯ ಆಕಾರ ಯೂಬಿಕ್ವಿಟಿನ್ನಿನದೇ. ಇದನ್ನು ಗಮನಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಗುರುತು ಚೀಟಿಯ ಆಕಾರವನ್ನೇ ಎರವಲು ಪಡೆದು ಯಂತ್ರದ ಕೈ ಕುಲುಕುವ ಕೀಲನ್ನಾಗಿ ವಿಕಾಸವು ಬಳಸಿಕೊಂಡಿದೆ. ಜಾಗ ಕಡಿಮೆಯಿದ್ದು ಬಯಸುವವರು ಹೆಚ್ಚಾದಾಗ ಪೈಪೋಟಿ ಸಹಜ. 1997ರಲ್ಲಿ ಪಿ47 ಎಂಬ ಸಹಕಾರಿ ಗೊತ್ತಾಗಿತ್ತು, ಅದು ಪಿ97ರೊಡನೆ ಸೇರಿ, ಪ್ರೋಟೀನುಗಳನ್ನು ವಿಂಗಡಿಸಿ ರವಾನಿಸುವ ಗಾಲ್ಜಿ ಎಂಬ ಕೋಶಾಂಗದ ಪೊರೆಗಳ ಬೆಸುಗೆಗೆ ನೆರವಾಗುತ್ತದೆ. 2000ದಲ್ಲಿ ಹೆಮ್ಮೋ ಮೆಯರ್ ಮತ್ತು ಸಂಗಡಿಗರು ಯುಎಫ್‌ಡಿ1 ಮತ್ತು ಎನ್‌ಪಿಎಲ್4 ಎಂಬ ಎರಡು ಪ್ರೋಟೀನುಗಳ ಜೋಡಿಯನ್ನು ವರ್ಣಿಸಿದರು. ಈ ಜೋಡಿ ಕೂತಲ್ಲಿ ಪಿ47 ಕೂರಲಾರದು, ಪಿ47 ಕೂತಲ್ಲಿ ಈ ಜೋಡಿಗೆ ಎಡೆಯಿಲ್ಲ. ಎಂಜಿನ್ ಅದೇ, ಯಾರು ಏರಿ ಕೂತಿದ್ದಾರೆ ಎಂಬುದರ ಮೇಲೆ ಅದು ಪೊರೆಯನ್ನು ಬೆಸೆಯಲು ನೆರವಾಗುವುದೋ, ಪ್ರೋಟೀನನ್ನು ಸಾವಿನತ್ತ ಒಯ್ಯುವುದೋ ನಿರ್ಧಾರವಾಗುತ್ತದೆ.

ಯುಎಫ್‌ಡಿ1-ಎನ್‌ಪಿಎಲ್4 ಜೋಡಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅತಿ ಶೀತಲ ಸ್ಥಿತಿಯಲ್ಲಿ ಮಾಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಟಾಮ್ ರಾಪೊಪೋರ್ಟ್ ಅವರ ತಂಡ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ, ಎನ್‌ಪಿಎಲ್4 ಮೇಲಿನ ಉಂಗುರದ ಮೇಲೆ ಗೋಪುರದಂತೆ ಕೂತಿರುವುದು ಕಾಣುತ್ತದೆ. ಯುಎಫ್‌ಡಿ1 ಪಕ್ಕದಲ್ಲಿ ಸಡಿಲವಾಗಿ ಅಲುಗಾಡುತ್ತ ಯೂಬಿಕ್ವಿಟಿನ್ ಸರಪಳಿಯನ್ನು ಹಿಡಿಯಲು ನೆರವಾಗುತ್ತದೆ. ಗೋಪುರದ ತಲೆಯ ಮೇಲೆ ಮಡಿಕೆ ಕೆಡದ ಎರಡು ಯೂಬಿಕ್ವಿಟಿನ್‌ಗಳು ಕೂತಿವೆ. ಅವುಗಳ ಪಕ್ಕದಲ್ಲಿರುವ ಮೂರನೆಯದು ನೋಡುವವರನ್ನು ಬೆಚ್ಚಿಬೀಳಿಸಿತು: ಅದರ ಮಡಿಕೆ ಪೂರ್ತಿ ಬಿಚ್ಚಿಹೋಗಿದೆ. ಬಿಚ್ಚಿದ ಎಳೆಯ ಒಂದು ಭಾಗ ಎನ್‌ಪಿಎಲ್4ರ ಮೈಮೇಲಿರುವ ತೋಡಿನಲ್ಲಿ ಮಲಗಿದೆ, ಇನ್ನೊಂದು ತುದಿ ಎರಡೂ ಉಂಗುರಗಳ ಸುರಂಗದೊಳಕ್ಕೆ ಇಳಿದಿದೆ. ಯೂಬಿಕ್ವಿಟಿನ್ ಎಂದರೆ 1978ರಲ್ಲಿ ಹಿಮೋಗ್ಲೋಬಿನ್ ಹೆಪ್ಪುಗಟ್ಟಿದರೂ ತಾನು ಕೆಡದೆ ತಿಳಿಯಲ್ಲಿ ಉಳಿದುಕೊಂಡ ಅದೇ ಗಟ್ಟಿ ಅಣು. ಕಾಸಿದರೂ ಜಗ್ಗದ ಅದನ್ನು ಈ ಸಹಕಾರಿಯ ತೋಡು ಬಿಚ್ಚಿ ಹಿಡಿದುಕೊಂಡಿದೆ, ಅದೂ ಎಟಿಪಿಯನ್ನು ಒಡೆಯದೆ. ಅಣುಗಳು ಸದಾ ಕಂಪಿಸುತ್ತಿರುತ್ತವೆ. ಯೂಬಿಕ್ವಿಟಿನ್ನೂ ಅಪರೂಪಕ್ಕೊಮ್ಮೆ ಕ್ಷಣಕಾಲ ಸಡಿಲಗೊಳ್ಳುತ್ತದೆ. ಆ ಕ್ಷಣದಲ್ಲಿ ತೋಡು ಅದನ್ನು ಹಿಡಿದು ಮತ್ತೆ ಮಡಿಚಿಕೊಳ್ಳಲು ಬಿಡುವುದಿಲ್ಲ ಎಂಬುದು ಇದಕ್ಕೆ ಕೊಡಲಾಗಿರುವ ವಿವರಣೆ.

ಇದರ ಚೆಲುವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಪ್ರೋಟಿಯಾಸೋಮಿಗೆ ಗುರಿ ಪ್ರೋಟೀನಿನಲ್ಲಿಯೇ ಸಡಿಲ ತುದಿ ಬೇಕಿತ್ತು, ಎಲ್ಲ ಪ್ರೋಟೀನುಗಳಲ್ಲಿಯೂ ಅದು ಇರುವುದಿಲ್ಲ. ಸಿಡಿಸಿ48 ಮತ್ತು ಅದರ ಜೋಡಿ ಸಹಕಾರಿಗಳು ಗುರಿಯ ಆಕಾರದ ಗೊಡವೆಗೇ ಹೋಗುವುದಿಲ್ಲ. ಗುರಿಗೆ ಅಂಟಿಸಿದ ಗುರುತನ್ನೇ ಬಿಚ್ಚಿ ಅದನ್ನೇ ಹಿಡಿಕೆಯಾಗಿ ಮಾಡಿಕೊಳ್ಳುತ್ತವೆ. ಗುರುತು ಎಲ್ಲ ಗುರಿಗಳಲ್ಲಿಯೂ ಒಂದೇ ಆದ್ದರಿಂದ ಹಿಡಿಯುವ ವಿಧಾನವೂ ಒಂದೇ ಸಾಕು. ಮೊದಲ ಯೂಬಿಕ್ವಿಟಿನ್ ಸುರಂಗಕ್ಕೆ ಇಳಿದ ಮೇಲೆ ಎಂಜಿನ್ ಎಳೆಯತೊಡಗುತ್ತದೆ. ಆ ಎಳೆಯ ಹಿಂದೆ, ಸರಪಳಿಯಲ್ಲಿ ಅದಕ್ಕೂ ಗುರಿಗೂ ನಡುವೆ ಇರುವ ಇತರ ಯೂಬಿಕ್ವಿಟಿನ್‌ಗಳು, ಕೊನೆಗೆ ಗುರಿ ಪ್ರೋಟೀನು ಒಂದರ ಹಿಂದೊಂದು ಬಿಚ್ಚಿಕೊಂಡು ಸುರಂಗದ ಮೂಲಕ ಹಾಯುತ್ತವೆ. ಹಾಗೆಂದು ಒಂದೇ ಒಂದು ಯೂಬಿಕ್ವಿಟಿನ್ ಅಂಟಿದ್ದರೆ ಈ ಜೋಡಿ ತಿರುಗಿಯೂ ನೋಡುವುದಿಲ್ಲ. ಯೀಸ್ಟಿನ ಯಂತ್ರಕ್ಕೆ ಸುಮಾರು ಐದು ಯೂಬಿಕ್ವಿಟಿನ್‌ಗಳ ಸರಪಳಿಯಾದರೂ ಬೇಕು. ಕಡಿಮೆ ಉದ್ದದ ಸರಪಳಿಗಳನ್ನು ಕೋಶವು ಬೇರೆ ಸಂದೇಶಗಳಿಗೆ ಬಳಸುವುದರಿಂದ ಈ ಮಿತಿ ಅರ್ಥಪೂರ್ಣವಾಗಿದೆ. ಸಸ್ತನಿಗಳಲ್ಲಿ ಈ ಮಿತಿ ಇನ್ನೂ ಮೇಲಿದೆ. ಅಲ್ಲಿ ಯುಬಿಎಕ್ಸ್‌ಎನ್7, ಎಫ್‌ಎಎಫ್1 ಮುಂತಾದ ಇನ್ನೊಂದು ಸಾಲಿನ ಸಹಕಾರಿಗಳು ಜೋಡಿಯ ಜೊತೆಗೂಡಿ ಮಿತಿಯನ್ನು ಇಳಿಸುತ್ತವೆ ಎಂದು 2022ರಲ್ಲಿ ಪ್ರಕಟವಾದ ಕೆಲಸ ತೋರಿಸಿದೆ. ಸಹಕಾರಿಗಳಿಗೂ ಸಹಕಾರಿಗಳಿವೆ ಎಂದಾಯಿತು.

ಜೋಡಿಗೆ ಮೊದಲೂ ಆಮೇಲೂ ಕೆಲಸಗಾರರಿದ್ದಾರೆ, ಅವರನ್ನು ಬೇಗ ನೋಡಿ ಮುಂದೆ ಹೋಗೋಣ. ಯುಎಫ್‌ಡಿ2 ಎಂಬ ಸಹಕಾರಿ ಗುರಿಯ ಮೇಲಿರುವ ಗಿಡ್ಡ ಸರಪಳಿಗೆ ಇನ್ನಷ್ಟು ಯೂಬಿಕ್ವಿಟಿನ್ ಪೋಣಿಸುತ್ತದೆ. ಒಟಿಯು1 ಎಂಬುದು ಸರಪಳಿಯನ್ನು ಕತ್ತರಿಸಿ ಮೊಟಕು ಮಾಡುತ್ತದೆ, ಇಲ್ಲವಾದರೆ ಗುರಿ ಯಂತ್ರದಿಂದ ಬಿಡಿಸಿಕೊಳ್ಳುವುದು ಕಷ್ಟ. ಆರ್‌ಎಡಿ23 ಎಂಬ ಸಾಗಣೆದಾರ ಒಂದು ಕೈಯಲ್ಲಿ ಯೂಬಿಕ್ವಿಟಿನ್ ಸರಪಳಿಯನ್ನೂ ಇನ್ನೊಂದು ಕೈಯಲ್ಲಿ ಪ್ರೋಟಿಯಾಸೋಮನ್ನೂ ಹಿಡಿದು ಗುರಿಯನ್ನು ದಾಟಿಸುತ್ತದೆ. ಸ್ಟೆಫಾನ್ ಯೆಂಟ್ಶ್ ಅವರ ತಂಡ 2005ರಲ್ಲಿ ಯೀಸ್ಟಿನಲ್ಲಿ ಈ ಕೈಬದಲಾವಣೆಯ ಸಾಲನ್ನು ತೋರಿಸಿಕೊಟ್ಟಿತು. ಒಬ್ಬನು ಸರಪಳಿಯನ್ನು ಉದ್ದ ಮಾಡುವುದು, ಪಕ್ಕದಲ್ಲಿಯೇ ನಿಂತ ಇನ್ನೊಬ್ಬನು ಅದನ್ನು ಕತ್ತರಿಸುವುದು ಮೇಲ್ನೋಟಕ್ಕೆ ಹುಚ್ಚಾಟದಂತೆ ಕಾಣಬಹುದು. ಆದರೆ ಸರಪಳಿಯ ಉದ್ದವೇ ಸಂದೇಶವಾಗಿರುವಾಗ ಅದನ್ನು ಎರಡೂ ಕಡೆಯಿಂದ ಹದಗೊಳಿಸುವವರು ಬೇಕಾಗುತ್ತಾರೆ.

ಈ ವ್ಯವಸ್ಥೆಯ ಬಲ ಚೆನ್ನಾಗಿ ಕಾಣುವ ಜಾಗ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಕೋಶದ ಹೊರಗೆ ಹೋಗಬೇಕಾದ ಮತ್ತು ಪೊರೆಯಲ್ಲಿ ಕೂರಬೇಕಾದ ಪ್ರೋಟೀನುಗಳು ಮಡಿಚಿಕೊಳ್ಳುವುದು ಈ ಪೊರೆಗಳ ಜಾಲದೊಳಗೆ. ಅಲ್ಲಿ ಮಡಿಕೆ ತಪ್ಪಿದರೆ ಒಡೆಯಲು ಪ್ರೋಟಿಯಾಸೋಮ್ ಬೇಕು, ಆದರೆ ಪ್ರೋಟಿಯಾಸೋಮ್ ಇರುವುದು ಪೊರೆಯ ಆಚೆಗೆ. ತಪ್ಪಿದ ಪ್ರೋಟೀನನ್ನು ಪೊರೆಯ ಮೂಲಕ ಹಿಂದಕ್ಕೆ ಎಳೆದುಕೊಳ್ಳಬೇಕು. ಎಚ್‌ಆರ್‌ಡಿ1 ಎಂಬ ಇ3 ಪೊರೆಯಲ್ಲಿ ದಾರಿ ಮಾಡಿಕೊಡುತ್ತದೆ, ಪ್ರೋಟೀನಿನ ಒಂದು ಭಾಗ ಈಚೆಗೆ ಇಣುಕಿದಾಗ ಯೂಬಿಕ್ವಿಟಿನ್ ಅಂಟುತ್ತದೆ, ಪೊರೆಯ ಬಳಿ ಕಾದಿರುವ ಪಿ97 ತನ್ನ ಜೋಡಿ ಸಹಕಾರಿಗಳ ಮೂಲಕ ಅದನ್ನು ಹಿಡಿದು ಈಚೆಗೆ ಜಗ್ಗುತ್ತದೆ. ಶ್ವಾಸಕೋಶದಲ್ಲಿ ಅಂಟಾದ ಲೋಳೆ ತುಂಬಿಕೊಳ್ಳುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ರೋಗಿಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಉತ್ಪರಿವರ್ತನೆಯಲ್ಲಿ ಕೋಶದ ಪೊರೆಯಲ್ಲಿ ಕ್ಲೋರೈಡ್ ಅಯಾನುಗಳನ್ನು ಸಾಗಿಸುವ ಸಿಎಫ್‌ಟಿಆರ್ ಎಂಬ ಪ್ರೋಟೀನಿನ 508ನೆಯ ಅಮೈನೋ ಆಮ್ಲವೊಂದು ಕಾಣೆಯಾಗಿರುತ್ತದೆ. ಅಷ್ಟಕ್ಕೇ ಅದರ ಮಡಿಕೆ ಸರಿಹೋಗುವುದಿಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದು, ಜಾಲದಿಂದ ಹೊರಗೆಳೆಯಲ್ಪಟ್ಟು ನಾಶವಾಗುತ್ತದೆ. ಕೋಶದ ಮೇಲ್ಮೈಗೆ ತಲುಪಿದ್ದರೆ ಅದು ಅಲ್ಪಸ್ವಲ್ಪವಾದರೂ ಕೆಲಸ ಮಾಡುತ್ತಿತ್ತು. ಈ ತಪಾಸಣೆ ಕೆಲವೊಮ್ಮೆ ಅತಿ ಕಟ್ಟುನಿಟ್ಟು ಎಂದು ಹೇಳಲೇಬೇಕಾಗುತ್ತದೆ.

ಇನ್ನೊಂದು ಸಹಕಾರಿ ಯುಬಿಎಕ್ಸ್‌ಡಿ1. ಲೈಸೋಸೋಮಿನ ಪೊರೆ ಹರಿದಾಗ ಇದು ಪಿಎಲ್‌ಎಎ, ವೈಒಡಿ1 ಎಂಬ ಜೊತೆಗಾರರೊಡನೆ ಪಿ97 ಅನ್ನು ಅಲ್ಲಿಗೆ ಕರೆದೊಯ್ದು, ಕೆಟ್ಟ ಲೈಸೋಸೋಮನ್ನು ಕೋಶವು ಆಟೋಫೇಜಿಯ ಮೂಲಕ ನುಂಗಿಹಾಕಲು ನೆರವಾಗುತ್ತದೆ. ಇದನ್ನು ಇಲ್ಲಿ ಹೇಳಲು ಕಾರಣ ಒಂದು ಕಾಯಿಲೆ. 2004ರಲ್ಲಿ ವಿಸಿಪಿ ಜೀನಿನ ಉತ್ಪರಿವರ್ತನೆಗಳು ವಂಶಪಾರಂಪರ್ಯವಾದ ಒಂದು ರೋಗಕ್ಕೆ ಕಾರಣವೆಂದು ತಿಳಿಯಿತು. ಆ ರೋಗದಲ್ಲಿ ಸ್ನಾಯುಗಳು ಸವೆಯುತ್ತವೆ, ಮೂಳೆಗಳನ್ನು ದುರ್ಬಲಗೊಳಿಸಿ ವಿಕಾರಗೊಳಿಸುವ ಪ್ಯಾಜೆಟ್ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ಮೆದುಳಿನ ಮುಂಭಾಗ ಕುಗ್ಗಿ ಮರೆವು ಮತ್ತು ಸ್ವಭಾವದ ಬದಲಾವಣೆಗಳು ಬರುತ್ತವೆ. 2010ರಲ್ಲಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತ ಹೋಗುವ ಎಎಲ್‌ಎಸ್ ಎಂಬ ಕಾಯಿಲೆಯ ರೋಗಿಗಳ ಕೆಲವು ಕುಟುಂಬಗಳಲ್ಲಿಯೂ ಇದೇ ಜೀನಿನ ಉತ್ಪರಿವರ್ತನೆ ಸಿಕ್ಕಿತು. ಇಂಥ ಸುದ್ದಿ ಕೇಳಿದವರು ಎಂಜಿನ್ ದುರ್ಬಲವಾಗಿರಬೇಕು ಎಂದು ಊಹಿಸುವುದು ಸಹಜ. ಅಳೆದು ನೋಡಿದರೆ ಹಾಗಿಲ್ಲ. ಇಂಥ ಹಲವು ಉತ್ಪರಿವರ್ತನೆಗಳಲ್ಲಿ ಪಿ97 ಎಟಿಪಿಯನ್ನು ಎಂದಿಗಿಂತ ಹೆಚ್ಚು ವೇಗವಾಗಿ ಒಡೆಯುತ್ತದೆ. ಬಹಳ ಸಲ ಕಾಣುವ ಉತ್ಪರಿವರ್ತನೆ 155ನೆಯ ಸ್ಥಾನದ ಆರ್ಜಿನಿನ್‌ನದು, ಮತ್ತು ಆ ಸ್ಥಾನ ಇರುವುದು ಸಹಕಾರಿಗಳು ಅಂಟುವ ಎನ್ ಭಾಗ ಮೇಲಿನ ಉಂಗುರವನ್ನು ಸೇರುವ ಸಂದಿನ ಬಳಿ. ಉತ್ಪರಿವರ್ತನೆಗೊಂಡ ಪಿ97ಕ್ಕೆ ಯುಬಿಎಕ್ಸ್‌ಡಿ1 ಸರಿಯಾಗಿ ಅಂಟಿಕೊಳ್ಳಲಾರದು, ಇತರ ಕೆಲವು ಸಹಕಾರಿಗಳೊಡನೆ ಅದರ ನಂಟಿನ ಸಮತೋಲವೂ ಏರುಪೇರಾಗುತ್ತದೆ. ನನ್ನ ದೃಷ್ಟಿಯಲ್ಲಿ ಸಹಕಾರಿಗಳ ಮಹತ್ವಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಎಂಜಿನ್ ಜೋರಾಗಿಯೇ ಓಡುತ್ತಿದೆ, ಸಾರಥಿ ಕೂರುವ ಪೀಠ ಮಾತ್ರ ವಾಲಿದೆ. ಹಾನಿ ತಟ್ಟುವುದು ಸ್ನಾಯು ಮತ್ತು ನರಕೋಶಗಳಿಗೆ, ಅಂದರೆ ವಿಭಜನೆಗೊಂಡು ತಮ್ಮ ಕೊಳೆಯನ್ನು ಹಂಚಿಕೊಳ್ಳುವ ಅವಕಾಶವಿಲ್ಲದೆ ದಶಕಗಳ ಕಾಲ ಹಾಗೆಯೇ ಬಾಳಬೇಕಾದ ಕೋಶಗಳಿಗೆ.

ಔಷಧಿಯ ಮಾತು ಬಂದಾಗ ಇದೇ ವಿವೇಚನೆ ಮತ್ತೆ ಎದುರಾಗುತ್ತದೆ. ಕ್ಯಾನ್ಸರ್ ಕೋಶಗಳು ಪ್ರೋಟೀನುಗಳನ್ನು ಅತಿಯಾಗಿ ತಯಾರಿಸುವುದರಿಂದ ಒಡೆಯುವ ವ್ಯವಸ್ಥೆಯ ಮೇಲೆ ಅವುಗಳ ಅವಲಂಬನೆಯೂ ಹೆಚ್ಚು. ಪ್ರೋಟಿಯಾಸೋಮನ್ನು ತಡೆಯುವ ಬೋರ್ಟಿಜೋಮಿಬ್ 2003ರಿಂದ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿದೆ. ಪಿ97 ಎಂಜಿನ್ನನ್ನೇ ತಡೆಯುವ ಸಿಬಿ-5083 ಎಂಬ ಅಣು ರೋಗಿಗಳ ಮೇಲಿನ ಪರೀಕ್ಷೆಯವರೆಗೂ ಬಂದಿತ್ತು. ಆದರೆ ಅದು ಕಣ್ಣಿನ ರೆಟಿನಾದಲ್ಲಿರುವ ಬೇರೆಯೇ ಕಿಣ್ವವೊಂದನ್ನೂ ತಡೆದು ದೃಷ್ಟಿಯ ತೊಂದರೆ ತಂದದ್ದರಿಂದ ಪರೀಕ್ಷೆಗಳು ನಿಂತವು. ಈ ನಡುವೆ ಡೈಸಲ್ಫಿರಮ್ ಎಂಬ ಹಳೆಯ ಮಾತ್ರೆಯಿಂದ ಅನಿರೀಕ್ಷಿತ ಸುದ್ದಿ ಬಂತು. ಕುಡಿತ ಬಿಡಿಸಲು ವೈದ್ಯರು ದಶಕಗಳಿಂದ ಕೊಡುತ್ತಿದ್ದ ಔಷಧಿ ಅದು. ದೇಹದಲ್ಲಿ ಅದು ಮಾರ್ಪಟ್ಟು ತಾಮ್ರದೊಡನೆ ಸೇರಿ ಉಂಟಾಗುವ ಸಂಯುಕ್ತವು ಎನ್‌ಪಿಎಲ್4 ಅನ್ನು ಗಂಟುಕಟ್ಟಿಸಿ ನಿಷ್ಕ್ರಿಯಗೊಳಿಸುತ್ತದೆ ಎಂದು 2017ರಲ್ಲಿ ತಿಳಿಯಿತು. ಅದು ಎಂಜಿನ್ನಿನ ತಂಟೆಗೆ ನೇರವಾಗಿ ಹೋಗುವುದಿಲ್ಲ. ಒಂದು ಸಹಕಾರಿಯನ್ನು ಕೆಡಿಸುತ್ತದೆ, ಅಷ್ಟರಿಂದಲೇ ಕ್ಯಾನ್ಸರ್ ಕೋಶ ಉಸಿರುಗಟ್ಟುತ್ತದೆ. ಪ್ರಯೋಗಾಲಯದ ಈ ಫಲಿತಾಂಶವನ್ನು ಚಿಕಿತ್ಸೆ ಎಂದು ಯಾರೂ ಓದಿಕೊಳ್ಳಬಾರದು. ಒಂದು ಸಹಕಾರಿಯನ್ನು ಗುರಿಯಾಗಿಸಿಕೊಂಡೂ ಈ ವ್ಯವಸ್ಥೆಯನ್ನು ತಟ್ಟಬಹುದು ಎಂಬಷ್ಟೇ ಅದರ ಅರ್ಥ.

ಉಪನ್ಯಾಸ ಮುಗಿದ ಮೇಲೆ ಒಬ್ಬ ಹೈಸ್ಕೂಲು ವಿದ್ಯಾರ್ಥಿನಿ ಎದ್ದು ನಿಂತು, ಸಾರ್, ಗುರಿ ಪ್ರೋಟೀನಿನ ಜೊತೆಗೆ ಯೂಬಿಕ್ವಿಟಿನ್ನೂ ನಾಶವಾಗಿಹೋಗುತ್ತದೆಯೇ, ಹಾಗಾದರೆ ಕೋಶಕ್ಕೆ ನಷ್ಟವಲ್ಲವೇ ಎಂದು ಕೇಳಿದಳು. ಹೆಚ್ಚಿನಂಶ ನಾಶವಾಗುವುದಿಲ್ಲ. ಪ್ರೋಟಿಯಾಸೋಮಿನ ಬಾಯಿಯ ಬಳಿಯಲ್ಲಿಯೇ ಆರ್‌ಪಿಎನ್11 ಎಂಬ ಘಟಕ ಕುಳಿತಿದ್ದು, ಗುರಿ ಒಳಗೆ ಜಾರುವಾಗ ಅದರ ಬೆನ್ನಿಗಿರುವ ಸರಪಳಿಯನ್ನು ಬುಡದಿಂದ ಕತ್ತರಿಸಿ ಹೊರಗೆ ಬಿಡುತ್ತದೆ. ಬೇರೆ ಕಿಣ್ವಗಳು ಆ ಸರಪಳಿಯನ್ನು ಬಿಡಿಬಿಡಿಯಾಗಿ ಬೇರ್ಪಡಿಸುತ್ತವೆ. ಪಿ97ರ ಸುರಂಗದಲ್ಲಿ ಎಳೆಯಾಗಿ ಹಾದುಹೋದ ಯೂಬಿಕ್ವಿಟಿನ್‌ಗಳೂ ಆಚೆಗೆ ಬಂದೊಡನೆ ತಮ್ಮಷ್ಟಕ್ಕೆ ತಾವೇ ಹಳೆಯ ಆಕಾರಕ್ಕೆ ಮಡಿಚಿಕೊಂಡು, ಮತ್ತೊಂದು ಪ್ರೋಟೀನಿನ ಬೆನ್ನೇರಲು ಸಿದ್ಧವಾಗುತ್ತವೆ.